72 ಗಂಟೆ ಎಂಬ ಅರ್ಧ ಸುದ್ದಿ

ಮಾನ್ಯರೇ,

ಕೊರೊನಾ ಕಾಲದಲ್ಲಿ ಸರ್ಕಾರಗಳು ಏಕಬಳಕೆ ಪ್ಲಾಸ್ಟಿಕ್ ಮೇಲಿನ ನಿಷೇಧವನ್ನು ಸಡಿಲಿಸಿದ್ದು ಸಾಮಾಜಿಕ ಜಾಲತಾಣಗಳಲ್ಲಿ ಎದ್ದ ಕೂಗಿಗೆ ಓಗೊಟ್ಟು, ಅದಕ್ಕೆ ಮಣಿಯದೆ ವಿಧಿಯಿರಲಿಲ್ಲ ಎಂದು ತಾವು ಬರೆದಿದ್ದೀರಿ; ಜನರ ಭಯಕ್ಕೆ ಆಡಳಿತ ಕಿವಿಗೊಟ್ಟರೆ ತಪ್ಪೇನು ಎಂದೂ ಕೇಳಿದ್ದೀರಿ. ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೆ ಆಧಾರವಾದದ್ದು ಏನು ಎಂಬುದನ್ನು ಮೊದಲು ನೋಡೋಣ.

2020ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ನಿಯತಕಾಲಿಕ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಜೀವಂತ ವೈರಾಣು ಪ್ಲಾಸ್ಟಿಕ್‌ನ ಮೇಲೆ 72 ಗಂಟೆಗಳವರೆಗೂ ಸಿಕ್ಕಿತ್ತು. ರಟ್ಟಿನ ಮೇಲಾದರೆ 24 ಗಂಟೆಗಳ ನಂತರ ಸಿಗಲಿಲ್ಲ. 72 ಗಂಟೆ ಕಳೆಯುವಷ್ಟರಲ್ಲಿ ಅದರ ಪ್ರಮಾಣ ಬಹಳ ಕುಗ್ಗಿತ್ತೆಂದೂ ಸಂಶೋಧಕರು ಹೇಳಿದ್ದರು. ಬಟ್ಟೆಯನ್ನಂತೂ ಅವರು ಪರೀಕ್ಷಿಸಿಯೇ ಇರಲಿಲ್ಲ. ಹೀಗಿದ್ದೂ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಾ ಹೋದ ಸುದ್ದಿಯಲ್ಲಿ ಬಟ್ಟೆಯ ಚೀಲವೇ ಅಪಾಯಕಾರಿಯಾಗಿ, ಪ್ಲಾಸ್ಟಿಕ್ ಚೀಲವೇ ಶುದ್ಧವಾಗಿ ಉಳಿದುಬಿಟ್ಟಿತು. (ನಮ್ಮ ಪತ್ರಿಕೆಯೂ ಆಗ 72 ಎಂಬ ಅಂಕಿಯನ್ನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿತ್ತು, ಆ ತಪ್ಪು ನಮ್ಮದು.)

ಕೂಗು ಜನರದಷ್ಟೇ ಆಗಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಅದೇ ತಿಂಗಳ 18ರಂದು ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವು, ಇಂಥ ನಿಷೇಧಗಳು ಸಾರ್ವಜನಿಕರ ಸುರಕ್ಷತೆಗೆ ಕುತ್ತು ಎಂದು ಸಾರುವಂತೆ ಅಲ್ಲಿನ ಆರೋಗ್ಯ ಇಲಾಖೆಗೆ ಪತ್ರ ಬರೆದಿತ್ತು. ನ್ಯೂ ಹ್ಯಾಂಪ್‌ಶೈರ್ ರಾಜ್ಯ ಮರುಬಳಕೆಯ ಚೀಲಗಳನ್ನೇ ತಡೆಯಿತು. ಇಂಗ್ಲೆಂಡ್ ಪ್ಲಾಸ್ಟಿಕ್ ಸ್ಟ್ರಾ ನಿಷೇಧವನ್ನು ಏಪ್ರಿಲ್‌ನಿಂದ ಅಕ್ಟೋಬರ್‌ಗೆ ಮುಂದೂಡಿತು. ಪ್ಲಾಸ್ಟಿಕ್ ಚೀಲಗಳ ನಿಷೇಧದಿಂದ ಕ್ಯಾಲಿಫೋರ್ನಿಯಾ ಕೊಟ್ಟ ವಿನಾಯಿತಿಗೆ 60 ದಿನಗಳ ಗಡುವಿತ್ತು; ಅವಧಿಯನ್ನು ಮೊದಲೇ ಗೊತ್ತುಪಡಿಸಿದ ಈ ಕ್ರಮವನ್ನು ನಾನು ಆಕ್ಷೇಪಿಸಲಾರೆ. ಯುರೋಪ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಮಾತ್ರ, ಏಕಬಳಕೆ ಪ್ಲಾಸ್ಟಿಕ್ ಕುರಿತ ನಿಯಮಗಳನ್ನು ವರ್ಷವಾದರೂ ಮುಂದೂಡಿ ಎಂಬ ಉದ್ಯಮದ ಕೋರಿಕೆಯನ್ನು ಒಪ್ಪಲಿಲ್ಲ. ಆ ನಿಯಮಗಳು 2021ರ ಜುಲೈ 3ರಿಂದ ಜಾರಿಗೆ ಬಂದವು. ಜಾಲತಾಣಗಳೂ ಭಯವೂ ಎಲ್ಲೆಡೆ ಒಂದೇ ಆಗಿದ್ದು ನಿರ್ಧಾರಗಳು ಬೇರೆಯಾದದ್ದನ್ನು ಕಂಡಾಗ, ಕೂಗಿಗೆ ಮಣಿಯದೆ ವಿಧಿಯಿರಲಿಲ್ಲ ಎಂಬ ತಮ್ಮ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಸೋಂಕು ತಗಲಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ಹತ್ತುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಬಳಸಿ ಎಸೆಯುವ ರೂಢಿ ಮರಳಿ ಬೇರೂರಿತ್ತು.

ಆಸ್ಪತ್ರೆಯ ಕೈಗವಸು, ರಕ್ಷಾಕವಚಗಳ ಮಾತು ಬೇರೆ. ಅವುಗಳ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ. ಇನ್ನು, ಜನಾಭಿಪ್ರಾಯಕ್ಕೆ ಸಾಕ್ಷಿಯೆಂದು ತಾವು ಲಗತ್ತಿಸಿದ ಪೋಸ್ಟ್‌ಗಳ ಪಟ್ಟಿಯನ್ನು ನಾವು ಪ್ರಕಟಿಸುತ್ತಿಲ್ಲ. ಆ ಚೀಲಗಳನ್ನು ಕಸದ ರಾಶಿಯಿಂದ ಕೈಯಾರೆ ಹೆಕ್ಕುವವರ ಒಂದು ಮಾತೂ ಅದರಲ್ಲಿ ನನಗೆ ಕಾಣಲಿಲ್ಲ.

— ಸಂಪಾದಕ