ಹೊಲದ ಕಳೆ, ಕಾಡಿನ ಕಳೆ: ಎರಡನ್ನೂ ಒಟ್ಟಿಗೆ ಓದಬಹುದಾ?

ಸಮಗ್ರ ಕಳೆ ನಿರ್ವಹಣೆಯ, ಅಂದರೆ ಹಲವು ಉಪಾಯ ಸೇರಿಸಿ ಕಳೆ ಹತೋಟಿ ಮಾಡುವುದರ ಮೇಲೆ ಸಂಶೋಧನೆ ಮಾಡಬೇಕು ಅಂತಿದ್ದೀರಿ. ಹೊಲ ಮತ್ತು ಕಾಡು ಎರಡನ್ನೂ ಇಟ್ಟುಕೊಂಡರೆ ಕೈಮೀರುತ್ತದಾ, ಒಂದನ್ನೇ ಹಿಡಿಯಬೇಕಾ ಅನ್ನುವುದು ನಿಮ್ಮ ಪ್ರಶ್ನೆ. ನಾನು ಇದೇ ಕೆಲಸದಲ್ಲಿರುವವನು. ಜಾಗ ಎರಡೂ ಇರಲಿ, ಗಿಡ ಮಾತ್ರ ಒಂದೇ ಇರಲಿ ಅನ್ನುತ್ತೇನೆ. ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಅಂದುಕೊಳ್ಳಿ. ಅದನ್ನು ಹೊಲದೊಳಗೆ, ಬದುವಿನ ಮೇಲೆ, ರಸ್ತೆ ಪಕ್ಕ, ಹುಲ್ಲುಗಾವಲಿನ ಅಂಚಿನಲ್ಲಿ ಬೆನ್ನು ಹತ್ತಿ ನೋಡಿ. ಟ್ರ್ಯಾಕ್ಟರ್ ಚಕ್ರಕ್ಕೆ ಅಂಟಿದ ಮಣ್ಣಿನಲ್ಲಿ, ಕಾಲುವೆ ನೀರಿನಲ್ಲಿ ಬೀಜ ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇರುತ್ತದೆ. ಹೊಲವನ್ನಷ್ಟೇ ನೋಡುವವರಿಗೆ ಈ ಓಡಾಟ ಕಾಣುವುದಿಲ್ಲ.

ಮೊದಲು ಮಣ್ಣೊಳಗಿನ ಬೀಜದ ಲೆಕ್ಕ ಕಲಿಯಿರಿ. ಮೇಲಿನ ಐದು ಸೆಂಟಿಮೀಟರ್ ಮಣ್ಣು ತೆಗೆದು ಟ್ರೇನಲ್ಲಿ ತೆಳ್ಳಗೆ ಹರಡಿ, ತೇವ ಆರದಂತೆ ನೋಡಿಕೊಳ್ಳಿ. ಹುಟ್ಟಿದ ಸಸಿಗಳನ್ನು ಗುರುತಿಸಿ, ಎಣಿಸಿ, ಕಿತ್ತುಹಾಕಿ. ಮಣ್ಣು ಕೆದಕಿ ಮತ್ತೆ ನೀರು ಕೊಡಿ. ಇನ್ನೊಂದು ತಂಡ ಏಳುತ್ತದೆ! ಜಾಗದ ಮೇಲೆ ಒಂದೂ ಕಾಣದ ಜಾತಿಗಳೂ ಅದರಲ್ಲಿರುತ್ತವೆ. ಎರಡೆಲೆಯ ಸಸಿ ನೋಡಿ ಜಾತಿ ಹೇಳುವುದು ಬೇಜಾರಿನ ಕೆಲಸವೇ, ಆದರೆ ಅದು ಬರದಿದ್ದರೆ ಮುಂದಿನ ಅಂಕಿಅಂಶವೆಲ್ಲ ಸುಮ್ನೆ. ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಅನ್ನುವವರು 1879ರಲ್ಲಿ ಬಾಟಲಿಗಳಲ್ಲಿ ಬೀಜ ತುಂಬಿ ಹೂತಿಟ್ಟರು. 2021ರಲ್ಲಿ ತೆಗೆದ ಬಾಟಲಿಯಲ್ಲೂ ಕೆಲವು ಬೀಜ ಮೊಳೆತವು. ಒಂದು ವರ್ಷ ಬೀಜ ಉದುರಲು ಬಿಟ್ಟರೆ ಎಷ್ಟು ವರ್ಷದ ಕೆಲಸ ಬೀಳಬಹುದು ಅಂತ ಊಹಿಸಿಕೊಳ್ಳಿ.

ಇಲ್ಲಿಂದ ದಾರಿ ಎರಡಾಗುತ್ತದೆ. ಹೊಲದಲ್ಲಿ ಪ್ರತಿ ಹಂಗಾಮಿಗೂ ಮಣ್ಣು ಮುಟ್ಟುವ ಅವಕಾಶವಿದೆ. ಬಿತ್ತನೆಗೆ ಮೊದಲೇ ನೀರು ಕೊಟ್ಟು ಕಳೆ ಹುಟ್ಟಿಸಿ, ಹರಗಿ ಕೊಲ್ಲಬಹುದು. ಬೆಳೆ ಬದಲಿಸಬಹುದು, ಸಾಲು ಹತ್ತಿರ ಮಾಡಿ ನೆರಳು ಹೆಚ್ಚಿಸಬಹುದು, ಎಡೆಕುಂಟೆ ಹೊಡೆಯಬಹುದು. ಕಾಡಿನಲ್ಲಿ ಹೀಗೆ ಮಣ್ಣು ಕೆದಕಿದರೆ ಹೊಸ ಕಳೆಗೆ ನೀವೇ ಜಾಗ ಮಾಡಿಕೊಟ್ಟಂತೆ. ಕಾಡಿಗೆ ನುಗ್ಗಿರುವ ಲಂಟಾನ ಪೊದೆಯನ್ನೇ ನೋಡಿ. ಮೇಲೆ ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅದಕ್ಕೇ ತಾಯಿಬೇರನ್ನು ನೆಲಮಟ್ಟದಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿಸಿ ಒಣಗಲು ಬಿಡುವ ವಿಧಾನವಿದೆ. ಅಗೆತ ಕಡಿಮೆ, ಕಾಂಡ ಮತ್ತೆ ಬೇರು ಬಿಡುವ ಭಯವೂ ಕಡಿಮೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹಣ್ಣು ತಿಂದ ಹಕ್ಕಿಗಳು ಮರದಡಿ ಬೀಜ ಉದುರಿಸುತ್ತಲೇ ಇರುತ್ತವೆ. ಖಾಲಿಯಾದ ಜಾಗಕ್ಕೆ ಅಲ್ಲಿನದೇ ಹುಲ್ಲು, ಗಿಡ ಬರದಿದ್ದರೆ ಲಂಟಾನವೇ ವಾಪಸ್ ಬರುತ್ತದೆ. ಹೊಲದಲ್ಲಿ ಆ ಜಾಗ ತುಂಬುವುದಕ್ಕೆ ಬೆಳೆ ಇರುತ್ತದೆ, ಕಾಡಿನಲ್ಲಿ ಯಾವುದು ತುಂಬಬೇಕು ಅನ್ನುವುದೇ ನಿಮ್ಮ ಸಂಶೋಧನೆಯ ಪ್ರಶ್ನೆ.

ಒಂದು ಕಟು ಮಾತು. ಎಷ್ಟೋ ಪ್ರಬಂಧಗಳಲ್ಲಿ ‘ಸಮಗ್ರ’ ಅಂದರೆ ಎರಡು ಕಳೆನಾಶಕ, ಜೊತೆಗೊಂದು ಕೈಕಳೆ, ಅಷ್ಟೇ. 2,4-ಡಿ ಅನ್ನುವ ಕಳೆನಾಶಕ ಮಾರುಕಟ್ಟೆಗೆ ಬಂದದ್ದು 1940ರ ದಶಕದಲ್ಲಿ. 1957ರ ಹೊತ್ತಿಗೇ ಕೆನಡಾದ ಕಾಡು ಕ್ಯಾರೆಟ್ ಅದಕ್ಕೆ ಜಗ್ಗದಂತಾಗಿತ್ತು. ಆಸ್ಟ್ರೇಲಿಯಾದ ರೈಗ್ರಾಸ್ ಅನ್ನುವ ಹುಲ್ಲು 1996ರಲ್ಲಿ ಗ್ಲೈಫೋಸೇಟ್ ಅನ್ನುವ ಇನ್ನೊಂದು ಕಳೆನಾಶಕವನ್ನೂ ತಡೆದುಕೊಂಡಿತು. ಹಾಗಾಗಿ ಬ್ರ್ಯಾಂಡ್ ಬದಲಿಸಿದರೆ ಸಾಲದು, ಗಿಡದೊಳಗೆ ಔಷಧಿ ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದೇ ಬದಲಾಗಬೇಕು.

ಜೈವಿಕ ನಿಯಂತ್ರಣವನ್ನೂ, ಅಂದರೆ ಕಳೆ ತಿನ್ನುವ ಜೀವಿಯನ್ನು ಬಿಟ್ಟು ಕಳೆ ಹತೋಟಿ ಮಾಡುವುದನ್ನೂ, ಲಾಭ ಮತ್ತು ಹಾನಿ ಎರಡೂ ಕಡೆಯಿಂದ ಓದಿ. ಆಸ್ಟ್ರೇಲಿಯಾದಲ್ಲಿ ಪಾಪಾಸುಕಳ್ಳಿ ಕೋಟ್ಯಂತರ ಎಕರೆ ನುಂಗಿತ್ತು. 1925ರಲ್ಲಿ ಅರ್ಜೆಂಟೀನಾದಿಂದ ತಂದ ಕ್ಯಾಕ್ಟೋಬ್ಲಾಸ್ಟಿಸ್ ಪತಂಗದ ಹುಳುಗಳು ಕೆಲವೇ ವರ್ಷಗಳಲ್ಲಿ ಅದನ್ನು ಮಣಿಸಿದವು. ಅದೇ ಪತಂಗ 1989ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದು ತಿನ್ನತೊಡಗಿದ್ದು ಆ ನೆಲದ್ದೇ ಕಳ್ಳಿಗಳನ್ನು. ಒಂದು ಕಡೆ ಉಪಕಾರಿ, ಇನ್ನೊಂದು ಕಡೆ ಪೀಡೆ.

ಕೊನೆಗೆ ಸಮಯದ ವಿಷಯ. ಹೊಲದ ಪ್ರಯೋಗಕ್ಕೆ ಎರಡು ಹಂಗಾಮು ಸಾಕಾಗಬಹುದು, ಕಾಡಿನ ಪ್ಲಾಟ್‌ಗೆ ಸಾಲದು. ಅದಕ್ಕೇ ಗೈಡ್ ಆರಿಸುವಾಗಲೇ ಕೇಳಿಬಿಡಿ: ನಾನು ಡಿಗ್ರಿ ಮುಗಿಸಿ ಹೋದ ಮೇಲೆ ಈ ಪ್ಲಾಟ್‌ಗಳನ್ನು ಯಾರು ಅಳೆಯುತ್ತಾರೆ? ಉತ್ತರ ಸಿಗದಿದ್ದರೆ ಹೊಸ ಪ್ಲಾಟ್ ಹಾಕಬೇಡಿ. ಹಿಂದೆಯೇ ಕಳೆ ತೆಗೆದಿರುವ, ತಾರೀಕು ದಾಖಲಾಗಿರುವ ಜಾಗಗಳನ್ನು ಹುಡುಕಿ, ಒಂದು ವರ್ಷದ್ದು, ಐದು ವರ್ಷದ್ದು, ಹತ್ತು ವರ್ಷದ್ದು ಅಂತ ಪಕ್ಕಪಕ್ಕ ಇಟ್ಟು ಹೋಲಿಸಿ.