ಹಳೆಯ ತೊಟ್ಟಿ ಕೊಳ್ಳುವ ಮುನ್ನ ಒಂದು ಮಾತು ಕೇಳಿ

ಬೆಂಗಳೂರಿನ ಮನೆಯಲ್ಲಿ 100 ಲೀಟರಿನ ಹವಳದ ತೊಟ್ಟಿಯನ್ನು (ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ನೀರು ತಣಿಸುವ ಯಂತ್ರವಾದ ಚಿಲ್ಲರ್ ಇಲ್ಲದೆ, ಕಡಿಮೆ ಖರ್ಚಿನಲ್ಲಿ ಇಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಇಡಬಹುದು.

ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಒಂದು ಚಿಕ್ಕ ಫ್ಯಾನ್ ಕೂರಿಸಿ. ನೀರು ಆವಿಯಾಗುತ್ತಲೇ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. 26 ಡಿಗ್ರಿಯ ಆಸುಪಾಸು ನಿಂತರೆ ಸಾಕು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಗಾಜಿನ ಮೇಲೊಂದು ಗೆರೆ ಎಳೆದು, ಇಳಿದಷ್ಟನ್ನು ದಿನವೂ ಉಪ್ಪಿಲ್ಲದ ಆರ್‌ಓ ನೀರಿನಿಂದಲೇ ತುಂಬಿಸಿ.

ಮೀನು ಒಂದೆರಡೇ ಇದ್ದರೆ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಕೂಡ ಬೇಡ. ವಾರಕ್ಕೆ 10 ಲೀಟರ್ ನೀರು ಬದಲಿಸಿ. ಅದಕ್ಕೆ ತಗಲುವುದು ಸುಮಾರು 350 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ. ಅಡುಗೆ ಉಪ್ಪು ಎಂದೂ ಬೇಡ. ಉಳಿದ ಹಣದಲ್ಲಿ ನೀರಿನ ಉಪ್ಪಿನಂಶ ಅಳೆಯುವ ಒಳ್ಳೆಯ ರಿಫ್ರಾಕ್ಟೋಮೀಟರ್ ಕೊಳ್ಳಿ, ಅಲ್ಲಿ ಜಿಪುಣತನ ಮಾಡಬೇಡಿ.

ಹಳೆಯ ತೊಟ್ಟಿ ಅರ್ಧ ಬೆಲೆಗೆ ಸಿಕ್ಕರೂ, ಅದರಲ್ಲಿ ಮೀನಿನ ರೋಗಕ್ಕೆಂದು ತಾಮ್ರದ ಔಷಧಿ ಹಾಕಿದ್ದರೇ ಎಂದು ಮೊದಲು ಕೇಳಿ. ನಾನು ಕೇಳಲಿಲ್ಲ. ಬಿಟ್ಟ ಸೀಗಡಿಗಳು ಎರಡೇ ದಿನದಲ್ಲಿ ಮಗ್ಗುಲಾಗಿ ಬಿದ್ದವು. ಗಾಜಿನ ಸಂದಿನ ಸಿಲಿಕೋನ್ ತಾಮ್ರವನ್ನು ಹೀರಿಕೊಂಡು ಮತ್ತೆ ನೀರಿಗೆ ಬಿಡಬಲ್ಲದು. ಸೀಗಡಿ, ಹವಳಗಳಿಗೆ ಅದು ವಿಷ.

ಹವಳದಲ್ಲಿ ಜೋಆಂಥಿಡ್, ಅಣಬೆ ಹವಳದಂಥ ಮೆತ್ತನೆಯ ಬಗೆಗಳಿಂದ ಆರಂಭಿಸಿ. ದುಬಾರಿ ಬೆಳಕು ಬೇಡುವುದಿಲ್ಲ. ಕಡಲತೀರದಿಂದ ಮಾತ್ರ ಒಂದು ಚೂರು ಹವಳವನ್ನೂ ತರಬೇಡಿ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ.