ಹುಲ್ಲು ಕತ್ತರಿಸುವ ಯಂತ್ರ ಮಾಡುವ ಕಂಪನಿಯ ಮಾರಾಟ ಸತತ ಎರಡು ತ್ರೈಮಾಸಿಕ ಏರಿದೆ, ಪಿಇ ಅನುಪಾತ (ಶೇರಿನ ಬೆಲೆ ಒಂದು ಶೇರಿನ ವರ್ಷದ ಲಾಭದ ಎಷ್ಟು ಪಟ್ಟು ಎಂಬುದು) 9 ಇದೆ, ಸಾಲವೂ ಕಡಿಮೆ ಇದೆ. ಈಗಲೇ ಶೇರು ಕೊಳ್ಳಲೇ, ಇನ್ನೊಂದು ಫಲಿತಾಂಶಕ್ಕೆ ಕಾಯಲೇ?

ಎರಡೂ ಬೇಡ. ಇದೇ ಪ್ರಶ್ನೆ ಇಟ್ಟುಕೊಂಡು ಇಂಥದ್ದೇ ಒಂದು ಕಂಪನಿಯ ಲೆಕ್ಕಪತ್ರದ ಮುಂದೆ ಕೂತವನು ನಾನು. ಡಿಸೆಂಬರ್ ತ್ರೈಮಾಸಿಕ ಏರಿತ್ತು, ಮಾರ್ಚ್ ಇನ್ನೂ ಏರಿತ್ತು, ಪಿಇ ಒಂದಂಕಿಯಲ್ಲಿತ್ತು. ಕೊಂಡೆ, ಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡೆ. ಮಾಡಿದ ತಪ್ಪು ಒಂದೇ. ಕಂಪನಿ ‘ಮಾರಿದ್ದೇವೆ’ ಅಂದದ್ದನ್ನು ನಾನು ‘ಜನ ಕೊಂಡಿದ್ದಾರೆ’ ಎಂದು ಓದಿಕೊಂಡೆ. ನಿಮ್ಮ ಪ್ರಶ್ನೆಯಲ್ಲೂ ಅದೇ ಓದು ಕಾಣುತ್ತಿದೆ. ಹಾಗಾಗಿ ಈ ಒಂದು ತಪ್ಪನ್ನೇ ಬಿಡಿಸಿ ಹೇಳುತ್ತೇನೆ, ಬೇಸರವಾದರೆ ಕ್ಷಮಿಸಿ.

ಲಾನ್ ಮೋವರ್ ಎಂಬ ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಚೈನ್ ಸಾ, ಎಲೆ ಊದುವ ಲೀಫ್ ಬ್ಲೋವರ್, ಜನರೇಟರ್ ಮಾಡುವವರು ನೇರವಾಗಿ ಬಳಕೆದಾರನಿಗೆ ಮಾರುವುದು ಕಡಿಮೆ. ಸರಕು ಹೋಗುವುದು ಡೀಲರ್‌ಗೆ, ಇಲ್ಲವೇ ದೊಡ್ಡ ಚಿಲ್ಲರೆ ಮಳಿಗೆಗಳಿಗೆ. ಲಾರಿ ಗೋದಾಮು ಬಿಟ್ಟು ಸರಕಿನ ಒಡೆತನ ಡೀಲರ್ ಕೈಗೆ ಹೋದ ಕೂಡಲೇ ಅದು ಕಂಪನಿಯ ಪುಸ್ತಕದಲ್ಲಿ ಮಾರಾಟ. ವಸಂತದಲ್ಲಿ ಹುಲ್ಲು ಬೆಳೆಯುವ ಉತ್ತರದ ದೇಶಗಳಲ್ಲಿ ಚಳಿಗಾಲದಲ್ಲೇ ಡೀಲರ್ ಅಂಗಡಿ ತುಂಬಿಸುತ್ತಾರೆ. ಹಾಗಾಗಿ ಡಿಸೆಂಬರ್, ಮಾರ್ಚ್ ತ್ರೈಮಾಸಿಕಗಳ ಏರಿಕೆ ಬೇಡಿಕೆಯ ಸುದ್ದಿಯೇ ಅಲ್ಲ. ಡೀಲರ್ ಎಷ್ಟು ಧೈರ್ಯ ಮಾಡಿದ ಎಂಬ ಸುದ್ದಿ ಅಷ್ಟೇ. ಆ ಧೈರ್ಯವನ್ನೂ ಬಹಳ ಸಲ ಕಂಪನಿಯೇ ರಿಯಾಯಿತಿ ಕೊಟ್ಟು ಕೊಂಡಿರುತ್ತದೆ. ಸೆಪ್ಟೆಂಬರ್‌ವರೆಗೆ ಬಡ್ಡಿ ಇಲ್ಲ, ಇಂತಿಷ್ಟು ತೆಗೆದುಕೊಂಡರೆ ಇಷ್ಟು ರಿಬೇಟ್, ಹೀಗೆ.

ನಾನು ನೋಡಬೇಕಾಗಿದ್ದ ಲೆಕ್ಕ ಇದು. ಸಂಖ್ಯೆಗಳು ಉದಾಹರಣೆಗೆ ಮಾತ್ರ. ಕಳೆದ ವರ್ಷದ ಮಾರ್ಚ್ ತ್ರೈಮಾಸಿಕದಲ್ಲಿ ಮಾರಾಟ 300, ಡೀಲರ್‌ಗಳಿಂದ ಬರಬೇಕಾದ ಬಾಕಿ 150 ಇತ್ತು ಎನ್ನಿ. ಈ ವರ್ಷ ಮಾರಾಟ 330, ಬಾಕಿ 210. ಶೀರ್ಷಿಕೆಯಲ್ಲಿ ಬರುವುದು ‘ಮಾರಾಟ ಶೇ 10 ಏರಿಕೆ’. ಬಾಕಿಯನ್ನು ಮಾರಾಟದಿಂದ ಭಾಗಿಸಿ, ತ್ರೈಮಾಸಿಕದ ದಿನಗಳಾದ 90ರಿಂದ ಗುಣಿಸಿ. ಎಷ್ಟು ದಿನದ ಮಾರಾಟದ ಹಣ ಬರಬೇಕಿದೆ ಎಂದು ತಿಳಿಯುತ್ತದೆ. ಹೋದ ವರ್ಷ 45 ದಿನ, ಈ ವರ್ಷ 57 ದಿನ. ಮಾರಾಟ ಶೇ 10 ಏರಿದಾಗ ಬಾಕಿ ಶೇ 40 ಏರಿದೆ. ಹೆಚ್ಚಿದ 30ರ ಮಾರಾಟಕ್ಕೆ 60ರಷ್ಟು ಹೊಸ ಬಾಕಿ! ಆ ಏರಿಕೆಯಿಂದ ಒಂದು ಕಾಸೂ ಕೈಗೆ ಬಂದಿಲ್ಲ, ಮೇಲಿನಿಂದ ಹಳೆಯ ಮಾರಾಟದ ವಸೂಲಿಯೂ ನಿಧಾನವಾಗಿದೆ. ಹೋಲಿಕೆ ಯಾವಾಗಲೂ ಹೋದ ವರ್ಷದ ಅದೇ ತ್ರೈಮಾಸಿಕದ ಜೊತೆಗಿರಲಿ. ಋತುಮಾನದ ವ್ಯಾಪಾರದಲ್ಲಿ ಮಾರ್ಚನ್ನು ಡಿಸೆಂಬರ್ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ಇಲ್ಲೊಂದು ಕಳ್ಳದಾರಿ ಇದೆ. ಕೆಲವು ಕಂಪನಿಗಳಲ್ಲಿ ಬಾಕಿಯ ದಿನಗಳು ಎಂದೂ ಏರುವುದೇ ಇಲ್ಲ. ಕಾರಣ, ಡೀಲರ್‌ನ ಸರಕಿಗೆ ಹಣಕಾಸು ಸಂಸ್ಥೆಯೊಂದು ಸಾಲ ಕೊಟ್ಟಿರುತ್ತದೆ. ಅದು ತಯಾರಕನಿಗೆ ಕೆಲವೇ ದಿನಗಳಲ್ಲಿ ಹಣ ಕಟ್ಟಿ, ಡೀಲರ್‌ನಿಂದ ಆಮೇಲೆ ವಸೂಲು ಮಾಡಿಕೊಳ್ಳುತ್ತದೆ. ಇದಕ್ಕೆ ಫ್ಲೋರ್ ಪ್ಲಾನ್ ಎನ್ನುತ್ತಾರೆ. ಲಾನ್ ಮೋವರ್ ಮಾಡುವ ಅಮೆರಿಕದ ಟೊರೊ ಕಂಪನಿಗೆ ಇದಕ್ಕೆಂದೇ 2009ರಿಂದ ರೆಡ್ ಐರನ್ ಎಂಬ ಜಂಟಿ ಸಂಸ್ಥೆ ಇದೆ. ವ್ಯವಸ್ಥೆಯಲ್ಲಿ ತಪ್ಪೇನಿಲ್ಲ, ಆದರೆ ಬಾಕಿ ನೋಡಿ ಸಮಾಧಾನಪಡುವಂತಿಲ್ಲ. ಡೀಲರ್ ಕೈಯೆತ್ತಿದರೆ ಮಾರಾಟವಾಗದ ಯಂತ್ರಗಳನ್ನು ತಯಾರಕ ವಾಪಸು ಕೊಳ್ಳಬೇಕೆಂಬ ಕರಾರು ಇರುತ್ತದೆ. ಅದರ ಮಿತಿ ಎಷ್ಟೆಂದು ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಹುಡುಕಿ. ಬಡ್ಡಿ ಮನ್ನಾದ ಅವಧಿಗೆ ಕಂಪನಿ ಹೊರುವ ಖರ್ಚನ್ನೂ ಅಲ್ಲೇ ನೋಡಿ. ಅದು ವರ್ಷದಿಂದ ವರ್ಷಕ್ಕೆ ಮಾರಾಟಕ್ಕಿಂತ ಬೇಗ ಬೆಳೆಯುತ್ತಿದ್ದರೆ ಸರಕು ಡೀಲರ್ ಅಂಗಳದಲ್ಲೇ ಕೂತಿದೆ.

ಇನ್ನು ಲಾಭ. ನನ್ನನ್ನು ನಿಜವಾಗಿ ಕೆಡವಿದ್ದು ಇದು. ಮಾರಾಟದ ಜೊತೆ ಗ್ರಾಸ್ ಮಾರ್ಜಿನ್ (ಮಾರಾಟದಲ್ಲಿ ಸರಕಿನ ವೆಚ್ಚ ಕಳೆದು ಉಳಿಯುವ ಪಾಲು) ಕೂಡ ಏರಿತ್ತು. ಬರೀ ಸರಕು ತಳ್ಳುತ್ತಿದ್ದರೆ ಮಾರ್ಜಿನ್ ಬೀಳಬೇಕಿತ್ತಲ್ಲ ಅಂದುಕೊಂಡೆ. ಬೀಳಬೇಕಿಲ್ಲ. ಕಾರ್ಖಾನೆಯ ಬಾಡಿಗೆ, ಸವಕಳಿ, ಮೇಲ್ವಿಚಾರಕರ ಸಂಬಳದಂಥ ಸ್ಥಿರ ವೆಚ್ಚ ವರ್ಷಕ್ಕೆ 60 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. 60,000 ಎಂಜಿನ್ ಮಾಡಿದರೆ ಒಂದಕ್ಕೆ 100 ಡಾಲರ್ ಬೀಳುತ್ತದೆ. 80,000 ಮಾಡಿದರೆ 75. ಮಾರಿದ್ದು 60,000 ಮಾತ್ರವಾದರೂ ಆ ವರ್ಷದ ಖರ್ಚಿಗೆ ಬರುವುದು 45 ಲಕ್ಷ, ಉಳಿದ 15 ಲಕ್ಷ ದಾಸ್ತಾನಿನೊಳಗೆ ಆಸ್ತಿಯ ವೇಷದಲ್ಲಿ ಕೂರುತ್ತದೆ. ಒಂದೂ ಹೆಚ್ಚು ಮಾರದೆ 15 ಲಕ್ಷ ಲಾಭ ಕಂಡಿತು. ಇದು ಮೋಸವಲ್ಲ, ಲೆಕ್ಕದ ನಿಯಮವೇ ಹಾಗಿದೆ.

ಮರುವರ್ಷ ಅದು ತಿರುಗಿ ಬರುತ್ತದೆ. ಗೋದಾಮು ತುಂಬಿದೆಯೆಂದು ಉತ್ಪಾದನೆಯನ್ನು 40,000ಕ್ಕೆ ಇಳಿಸುತ್ತಾರೆ. ಈಗ ಒಂದಕ್ಕೆ ಸ್ಥಿರ ವೆಚ್ಚ 150. ಮೊದಲು ಬಂದ ಸರಕು ಮೊದಲು ಹೋಯಿತೆಂದು ಲೆಕ್ಕ ಹಾಕಿದರೆ, ಮತ್ತೆ ಅದೇ 60,000 ಮಾರಿದಾಗ ಹಳೆಯ 20,000ದ 15 ಲಕ್ಷ, ಹೊಸ 40,000ದ 60 ಲಕ್ಷ ಸೇರಿ ಖರ್ಚು 75 ಲಕ್ಷ. ಮಾರಾಟ ಒಂದಿಷ್ಟೂ ಬದಲಾಗದೆ ಲಾಭದಲ್ಲಿ 30 ಲಕ್ಷದ ಕುಸಿತ! ನೀವು ಅಗ್ಗ ಎನ್ನುತ್ತಿರುವ ಪಿಇಯ ಕೆಳಗಿನ ಸಂಖ್ಯೆ ಈ ಉಬ್ಬಿದ ವರ್ಷದ ಲಾಭ. ಲಾಭ ಕುಸಿದ ಮೇಲೆ ಅದೇ ಶೇರಿನ ಬೆಲೆ ಇಳಿದೂ ಪಿಇ 20 ಆಗಬಹುದು. ಪರೀಕ್ಷೆ ಸುಲಭ: ದಾಸ್ತಾನನ್ನು ಮಾರಿದ ಸರಕಿನ ವೆಚ್ಚದಿಂದ ಭಾಗಿಸಿ 90ರಿಂದ ಗುಣಿಸಿ. ಹೋದ ವರ್ಷ ಇದೇ ಹೊತ್ತಿಗೆ 75 ದಿನ ಇದ್ದದ್ದು 95 ದಾಟಿ, ಮಾರ್ಜಿನ್ ಕೂಡ ಏರಿದ್ದರೆ ಆ ಮಾರ್ಜಿನ್ನನ್ನು ನಂಬಬೇಡಿ. ದಾಸ್ತಾನಿನ ಟಿಪ್ಪಣಿಯಲ್ಲಿ ಕಚ್ಚಾ ವಸ್ತು ಬೇರೆ, ಸಿದ್ಧ ಸರಕು ಬೇರೆ ಕೊಟ್ಟಿರುತ್ತಾರೆ. ಉಕ್ಕು, ಅಲ್ಯೂಮಿನಿಯಂ ಮುಂಗಡ ಕೊಂಡಿಟ್ಟು ದಾಸ್ತಾನು ಏರಿದ್ದರೆ ಅದು ಬೇರೆ ಮಾತು. ಸಿದ್ಧ ಸರಕು ಏರಿದ್ದರೆ ಎಚ್ಚರ.

ಸಾಲ ನೋಡಿದ್ದೇನೆ, ಕಡಿಮೆ ಇದೆ ಎಂದೂ ಬರೆದಿದ್ದೀರಿ. ಯಾವ ದಿನದ್ದು? ಈ ಉದ್ಯಮದಲ್ಲಿ ಹಣಕಾಸು ವರ್ಷ ಋತುವಿನ ಕೊನೆಯಲ್ಲಿ ಮುಗಿಯುವುದು ಸಾಮಾನ್ಯ. ಟೊರೊ ಕಂಪನಿಯದು ಅಕ್ಟೋಬರ್ 31ಕ್ಕೆ, ಎಂಜಿನ್ ಮಾಡುವ ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನದು, ಅದರ ಶೇರು ಪೇಟೆಯಲ್ಲಿದ್ದ ದಿನಗಳಲ್ಲಿ, ಜೂನ್ ಕೊನೆಯ ಹೊತ್ತಿಗೆ ಮುಗಿಯುತ್ತಿತ್ತು. ಸರಕು ಹೋಗಿ, ಹಣದ ಬಹುಪಾಲು ಬಂದು, ಸಾಲ ಇಳಿದಿರುವ ಹೊತ್ತು ಅದು. ದಾಸ್ತಾನು ಕಟ್ಟುವ ತಿಂಗಳುಗಳಲ್ಲಿ ಅದೇ ಸಾಲ ಎರಡು ಪಟ್ಟು ಇರಬಹುದು. ನಾಲ್ಕೂ ತ್ರೈಮಾಸಿಕಗಳ ಸಾಲ ಕೂಡಿ ಸರಾಸರಿ ತೆಗೆಯಿರಿ, ಬಡ್ಡಿ ವೆಚ್ಚದ ಜೊತೆ ತಾಳೆ ನೋಡಿ. ಆಮೇಲೆ ಬಾಂಡ್‌ಗಳ (ಹೂಡಿಕೆದಾರರಿಂದ ತಂದ ಸಾಲದ ಪತ್ರಗಳು) ಮರುಪಾವತಿ ವರ್ಷಗಳ ಪಟ್ಟಿ ತೆರೆಯಿರಿ.

ಬ್ರಿಗ್ಸ್ ಕಥೆ ಇದಕ್ಕೆ ಒಳ್ಳೆಯ ಪಾಠ. 1908ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರುವಾದ, ಲಾನ್ ಮೋವರ್ ಎಂಜಿನ್ ಎಂದರೆ ಅದೇ ಎನ್ನುವಂತಿದ್ದ ಕಂಪನಿ. 2018ರ ಅಕ್ಟೋಬರ್‌ನಲ್ಲಿ ಅದರ ಎಂಜಿನ್ ಇದ್ದ ಯಂತ್ರಗಳನ್ನು ಮಾರುತ್ತಿದ್ದ ಸಿಯರ್ಸ್ ಮಳಿಗೆ ದಿವಾಳಿ ಅರ್ಜಿ ಹಾಕಿತು. 2019ರ ಹಣಕಾಸು ವರ್ಷದಲ್ಲಿ ಬ್ರಿಗ್ಸ್ 5 ಕೋಟಿ 40 ಲಕ್ಷ ಡಾಲರ್ ನಷ್ಟ ತೋರಿಸಿತು. ಆ ಆಗಸ್ಟ್‌ನಲ್ಲಿ ತ್ರೈಮಾಸಿಕ ಡಿವಿಡೆಂಡನ್ನು 14 ಸೆಂಟ್‌ನಿಂದ 5 ಸೆಂಟ್‌ಗೆ ಇಳಿಸಿತು. ಬಾಂಡ್ ಮರುಪಾವತಿಗೆ 2020ರ ಡಿಸೆಂಬರ್ ಗಡುವಿತ್ತು. ಅಷ್ಟರ ತನಕ ತಲುಪಲೇ ಇಲ್ಲ. 2020ರ ಜೂನ್‌ನಲ್ಲಿ ಬಾಂಡ್‌ನ ಬಡ್ಡಿ ಕಟ್ಟದೆ ಬಿಟ್ಟು, ಜುಲೈ 20ರಂದು ದಿವಾಳಿ ರಕ್ಷಣೆ ಕೋರಿತು. ಕೆಪಿಎಸ್ ಎಂಬ ಹೂಡಿಕೆ ಸಂಸ್ಥೆ ಸುಮಾರು 55 ಕೋಟಿ ಡಾಲರ್‌ಗೆ ವ್ಯಾಪಾರವನ್ನು ಕೊಂಡಿತು. ಶೇರುದಾರರಿಗೆ ಏನೂ ಉಳಿಯಲಿಲ್ಲ. ಹುಲ್ಲು ಬೆಳೆಯುವುದೇನೂ ನಿಂತಿರಲಿಲ್ಲ, ಎಂಜಿನ್ನೂ ಕೆಟ್ಟದಿರಲಿಲ್ಲ.

ಹವಾಮಾನದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮಳೆ ಬಾರದಿದ್ದರೆ ಮೋವರ್ ಹೋಗದು, ಚಂಡಮಾರುತ ಬಂದರೆ ಜನರೇಟರ್ ಕೂಡಲೇ ಮಾರಿಹೋಗುತ್ತವೆ. ಮೂರು ವರ್ಷದ ಸರಾಸರಿಯಲ್ಲಿ ಅದು ಸಮವಾಗುತ್ತದೆ. ಸತತ ಮೂರು ವರ್ಷ ಹವಾಮಾನದ ಮೇಲೇ ದೂರು ಹಾಕುವ ಆಡಳಿತವಿದ್ದರೆ ಸಮಸ್ಯೆ ಮೋಡದಲ್ಲಿಲ್ಲ.

ವೃತ್ತಿಪರರಿಗೆ ಮಾರುವ ಪಾಲು ಎಷ್ಟು, ಮನೆಬಳಕೆಯ ಪಾಲು ಎಷ್ಟು ಎಂಬುದನ್ನು ಮಾತ್ರ ಖಂಡಿತ ನೋಡಿ. ಗಾಲ್ಫ್ ಮೈದಾನ, ಉದ್ಯಾನ ಗುತ್ತಿಗೆದಾರರ ಯಂತ್ರ ದಿನವಿಡೀ ಓಡಿ ಸವೆಯುತ್ತದೆ, ಬದಲಿಸಲೇಬೇಕು, ಬಿಡಿಭಾಗವೂ ಬೇಕು. ಮನೆಯವನು ಹಳೆಯದಕ್ಕೇ ಹೊಸ ಬ್ಲೇಡ್ ಹಾಕಿ ಇನ್ನೆರಡು ವರ್ಷ ತಳ್ಳುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಮಾದರಿ ವರ್ಷದಿಂದ ಬಹುಪಾಲು ಹೊಸ ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಶೂನ್ಯ ಹೊಗೆಯ ನಿಯಮ ಬಂದಿರುವುದರಿಂದ ಬ್ಯಾಟರಿಗೆ ಹೊರಳುವ ಖರ್ಚೂ ಸೇರುತ್ತದೆ. ಹಾಗೆಂದು ವೃತ್ತಿಪರ ಪಾಲು ದೊಡ್ಡದಿದ್ದರೆ ಸಾಕು ಎಂದೂ ಅಲ್ಲ. ಟೊರೊ 2022ರ ಜನವರಿಯಲ್ಲಿ 40 ಕೋಟಿ ಡಾಲರ್ ಕೊಟ್ಟು ಲಾನ್ ಮೋವರ್ ಮಾಡುವ ಇಂಟಿಮಿಡೇಟರ್ ಗ್ರೂಪ್ ಕೊಂಡು, 2023ರಲ್ಲೇ ಆ ಖರೀದಿಗೆ ಸೇರಿದ ಆಸ್ತಿಮೌಲ್ಯದಲ್ಲಿ ಸುಮಾರು 15 ಕೋಟಿ ಡಾಲರ್ ಕಡಿತ ಮಾಡಬೇಕಾಯಿತು.

ನಿಮ್ಮ ಪ್ರಶ್ನೆಗೆ ಮರಳಿದರೆ, ಇನ್ನೊಂದು ತ್ರೈಮಾಸಿಕ ಕಾದರೂ ನಿಮಗೆ ಸಿಗುವುದು ಅದೇ ಬಗೆಯ ಇನ್ನೊಂದು ಶೀರ್ಷಿಕೆ. ಈಗಾಗಲೇ ಹೊರಬಂದಿರುವ ಎಂಟು ತ್ರೈಮಾಸಿಕಗಳ ವರದಿ ತೆಗೆದು ಒಂದು ಹಾಳೆಯಲ್ಲಿ ಬಾಕಿಯ ದಿನ, ದಾಸ್ತಾನಿನ ದಿನ, ಸಾಲ, ಕಾರ್ಯಾಚರಣೆಯ ನಗದು ಹರಿವು (ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ಹಣ) ಬರೆದುಕೊಳ್ಳಿ. ನಾಲ್ಕು ತ್ರೈಮಾಸಿಕಗಳ ನಗದು ಹರಿವು ಕೂಡಿದರೆ ಅದೇ ನಾಲ್ಕರ ನಿವ್ವಳ ಲಾಭಕ್ಕೆ ಹತ್ತಿರವಾದರೂ ಬರಬೇಕು. ಬಾಕಿಯನ್ನು ಬ್ಯಾಂಕಿಗೆ ಮಾರಿ ತಂದ ಹಣ ಅದರಲ್ಲಿ ಸೇರಿದೆಯೇ ಎಂದು ಟಿಪ್ಪಣಿಯಲ್ಲಿ ನೋಡಿ, ಸೇರಿದ್ದರೆ ಕಳೆಯಿರಿ. ವಾರಂಟಿಗೆ ಎತ್ತಿಟ್ಟ ಮೊತ್ತ ಮಾರಾಟದ ಶೇಕಡಾವಾರು ಲೆಕ್ಕದಲ್ಲಿ ದಿಢೀರನೆ ಇಳಿದಿದ್ದರೆ ಅಷ್ಟನ್ನೂ ಲಾಭದಿಂದ ತೆಗೆದುಹಾಕಿ. ಹೀಗೆ ಸೋಸಿದ ಲಾಭದ ಮೇಲೆ ಪಿಇ ಮತ್ತೆ ಹಾಕಿ. ಆಗಲೂ 9ರ ಆಸುಪಾಸಿನಲ್ಲೇ ನಿಂತರೆ, ಈ ತ್ರೈಮಾಸಿಕವೋ ಮುಂದಿನದೋ ಎಂಬ ಚಿಂತೆ ಬಿಟ್ಟು ಕೊಳ್ಳಿ.